ಒಳಗಿನ ಚಿಲಕ

ನನ್ನ ಮೂರು ಸರ್ಟಿಫಿಕೇಟುಗಳು ಇವತ್ತಿಗೂ ಡಾಕ್ಟರ್ ಉಮಾನಾಥರ ಕಬ್ಬಿಣದ ಕಪಾಟಿನಲ್ಲಿವೆ. ಎಸ್ಸೆಸ್ಸೆಲ್ಸಿಯದ್ದು, ನರ್ಸಿಂಗಿನದ್ದು, ಹೆರಿಗೆ ಮಾಡಿಸುವ ತರಬೇತಿಯದ್ದು. ಕೆಲಸಕ್ಕೆ ಸೇರಿದ ದಿನವೇ ತೆಗೆದುಕೊಂಡರು. "ಎಲ್ಲರದ್ದೂ ನನ್ನ ಹತ್ತಿರವೇ ಇರುವುದು ಝೀಟಾ. ಬಿಟ್ಟು ಹೋಗುವಾಗ ಕೊಡುತ್ತೇನೆ" ಎಂದರು. ಬಿಟ್ಟು ಹೋಗುವ ದಿನವನ್ನು ಅವರೇ ನಿಶ್ಚಯಿಸುವುದು ಎಂದು ಹೇಳಲಿಲ್ಲ. ನನಗಿಂತ ಮೊದಲು ಸೇರಿದ್ದ ಆಂಜೆಲಾಳಿಗೆ ಕುವೈತಿನ ವೀಸಾ ಬಂದಿತ್ತು. ಕಾಗದ ಕೇಳಿದಳು. ಇವತ್ತು ಬಾ, ನಾಳೆ ಬಾ ಎಂದರು. ವೀಸಾದ ದಿನ ಕಳೆದುಹೋಯಿತು. ಅವಳು ಕಣ್ಣು ಒರೆಸಿಕೊಂಡು ಮತ್ತೆ ಅದೇ ವಾರ್ಡಿಗೆ ಬಂದಳು.

ಕಾಪುವಿನಲ್ಲಿ ಹೆದ್ದಾರಿಗೆ ಮುಖ ಮಾಡಿದ್ದ, ಹನ್ನೆರಡು ಹಾಸಿಗೆಯ ಹೆರಿಗೆ ಆಸ್ಪತ್ರೆ ಅದು. ಮಗುವಿನ ತಲೆ ಕಂಡ ಮೇಲೆ ಡಾಕ್ಟರು ಬರುತ್ತಿದ್ದರು. ಅದಕ್ಕೆ ಮೊದಲಿನದ್ದೆಲ್ಲ ನನ್ನದು. ಅದರ ನಂತರದ್ದೆಲ್ಲ ಅಪ್ಪಿಯದ್ದು.

ಅಪ್ಪಿ ಆಯಾ. ಊರಿನವರು ಮುಟ್ಟಿಸಿಕೊಳ್ಳದ ಕೊರಗರ ಹೆಂಗಸು. ಹದಿನಾಲ್ಕು ವರ್ಷದಿಂದ ಅಲ್ಲಿ ಇದ್ದಳು. ರಕ್ತ ಒರೆಸುವುದು, ಮಾಸು ಹೂಳುವುದು, ಬಟ್ಟೆ ಒಗೆಯುವುದು ಅವಳ ಕೆಲಸ. ಬಳಸಿದ ರಬ್ಬರ್ ಗ್ಲೌಸುಗಳನ್ನು ತೊಳೆದು, ಹಗ್ಗಕ್ಕೆ ಹಾಕಿ ಒಣಗಿಸಿ, ಪೌಡರ್ ಬಳಿದು ಮತ್ತೆ ಬೇಯಿಸಲು ಕೊಡುತ್ತಿದ್ದಳು. ಬರಿಗೈಯಲ್ಲಿ. ಗ್ಲೌಸು ಡಾಕ್ಟರಿಗೆ, ಉಳಿದರೆ ನರ್ಸಿಗೆ. ಆಯಾಗೆ ಇಲ್ಲ. ಯಾರೂ ಹಾಗೆ ಬರೆದಿಟ್ಟಿರಲಿಲ್ಲ. ಆದರೆ ಹಾಗೆಯೇ ನಡೆಯುತ್ತಿತ್ತು. ನಾನೂ ಎಂಟು ವರ್ಷ ಅದನ್ನು ನೋಡಿದೆ. ಒಂದು ದಿನವೂ ಕೇಳಲಿಲ್ಲ.

ಅಕ್ಕು ಬಂದದ್ದು ೧೯೮೭ರ ಅಕ್ಟೋಬರಿನಲ್ಲಿ. ಉಚ್ಚಿಲದವಳು. ಇಪ್ಪತ್ತಮೂರು ವರ್ಷ. ಚೊಚ್ಚಲ ಬಸುರಿ, ಆರನೆಯ ತಿಂಗಳು. ಮದುವೆಗೆ ಮೊದಲು ಶಂಕರಪುರದ ಚಿಕ್ಕಮ್ಮನ ಮನೆಯಲ್ಲಿದ್ದು ಮಲ್ಲಿಗೆ ಕಟ್ಟುತ್ತಿದ್ದವಳು. ಬಾಳೆನಾರು ಎಳೆದೆಳೆದು ಅವಳ ತೋರುಬೆರಳಿನ ಬದಿ ಗಟ್ಟಿಯಾಗಿತ್ತು. ಹೊಟ್ಟೆ ಮುಟ್ಟಿ ನೋಡಿದೆ. ಮಗು ಚೆನ್ನಾಗಿ ಆಡುತ್ತಿತ್ತು. ಅವಳು ನಕ್ಕಳು.

ಗಂಡ ಭುಜಂಗ ಬಾಗಿಲಲ್ಲಿ ನಿಂತಿದ್ದ. ಗಲ್ಫಿನಿಂದ ಬಂದವರ ಹೊಳೆಯುವ ಅಂಗಿ. ಮುಖದಲ್ಲಿ ಕಳೆ ಇರಲಿಲ್ಲ. ಅಕ್ಕು ಬಟ್ಟೆ ಸರಿಮಾಡಿಕೊಳ್ಳುವಾಗ ನನ್ನನ್ನು ಜಗಲಿಗೆ ಕರೆದ.

"ಸಿಸ್ಟರ್, ಒಂದು ಕಾಗದ ಉಂಟು. ಓದಿ ಹೇಳ್ತೀರಾ?"

ಕಾಗದದಲ್ಲಿ ಅರಬಿ ಇತ್ತು, ಕೆಳಗೆ ಇಂಗ್ಲಿಷ್ ಇತ್ತು. ಓದಿದೆ. ಮತ್ತೊಮ್ಮೆ ಓದಿದೆ.

"ವೀಸಾ ಹೊಸತು ಮಾಡಲಿಕ್ಕೆ ಅಂತ ರಕ್ತ ತೆಗೆದರು" ಎಂದ ಭುಜಂಗ. "ನಾಲ್ಕನೇ ದಿನ ಪೊಲೀಸರು ರೂಮಿಗೆ ಬಂದರು. ಚಪ್ಪಲಿ ಹಾಕಲಿಕ್ಕೆ ಬಿಡಲಿಲ್ಲ. ನೇರ ವಿಮಾನಕ್ಕೆ. ಎಂತ ಕಾಯಿಲೆ ಅಂತ ಯಾರೂ ಹೇಳಲಿಲ್ಲ. ಬೊಂಬಾಯಿಯಲ್ಲಿ ಒಬ್ಬರು ಓದಿ ಏಡ್ಸ್ ಅಂದರು. ಸುಳ್ಳಲ್ವಾ ಸಿಸ್ಟರ್?"

ಆ ಶಬ್ದವನ್ನು ನಾನು ಪೇಪರಿನಲ್ಲಿ ಮಾತ್ರ ಓದಿದ್ದೆ. ಅದು ಅಮೆರಿಕದ್ದು, ಮದರಾಸಿನದ್ದು, ಬೇರೆ ಯಾರದ್ದೋ ಎಂದುಕೊಂಡಿದ್ದೆ.

"ಅಕ್ಕುವಿಗೆ ಗೊತ್ತುಂಟಾ?"

"ಇಲ್ಲ. ಕಂಪನಿ ಮುಚ್ಚಿತು ಅಂತ ಹೇಳಿದ್ದೇನೆ." ಅವನು ಗೋಡೆಗೆ ಒರಗಿದ. "ಬೇಸಗೆಯಲ್ಲಿ ರಜೆಯಲ್ಲಿ ಬಂದಿದ್ದೆ. ಆಗ ನನಗೂ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಮಗುವಿಗೂ ಬರ್ತದಾ?"

"ನನಗೆ ಗೊತ್ತಿಲ್ಲ" ಎಂದೆ. ಹಾಗೆ ಹೇಳಲು ನಮಗೆ ಯಾರೂ ಕಲಿಸಿರಲಿಲ್ಲ.

ಅವನನ್ನು ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಅವನೆದುರೇ ಅಕ್ಕುವಿಗೆ ಹೇಳಿದೆ. ಅವನೇ ಹೇಳುತ್ತಾನೆ ಎಂದು ಮೊದಲು ಕಾದಿದ್ದೆ. ಅವನಿಗೆ ಬಾಯಿ ಬರಲಿಲ್ಲ. ಅಕ್ಕು ಅವನತ್ತ ನೋಡಲಿಲ್ಲ. ನನ್ನನ್ನೇ ನೋಡಿದಳು.

"ಇದನ್ನು ಇವರು ಹೇಳಬೇಕಿತ್ತು. ನೀವು ಯಾಕೆ ಹೇಳ್ತಾ ಇದ್ದೀರಿ ಸಿಸ್ಟರ್?"



ಮಾರನೆಯ ವಾರ ರಜೆ ಹಾಕಿ ಅವಳನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ರಕ್ತ ತೆಗೆದರು. ಮೇಲಿನ ಪರೀಕ್ಷೆಗೆ ದೂರದ ಊರಿಗೆ ಹೋಗಬೇಕು, ಮೂರು ವಾರ ಬೇಕು ಎಂದರು. ಮೂರು ವಾರದ ನಂತರ ಒಂದು ಉದ್ದ ಲಕೋಟೆ ಬಂತು. ಅವಳಿಗೂ ಇತ್ತು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಆ ಲಕೋಟೆಯನ್ನು ಅಕ್ಕುವಿನ ಕೈಗೆ ಕೊಡಬೇಕಿತ್ತು. ನಾನು ಅದನ್ನು ಆಸ್ಪತ್ರೆಯ ಫೈಲಿಗೆ ಹಾಕಿದೆ. ನಿಯಮ ಹಾಗಿತ್ತು. ಬಸುರಿಯ ಎಲ್ಲ ಕಾಗದ ಫೈಲಿಗೆ. ಡಾಕ್ಟರಿಗೆ ತಿಳಿದರೆ ಹೆರಿಗೆಗೆ ಸರಿಯಾಗಿ ತಯಾರಿ ಮಾಡುತ್ತಾರೆ ಎಂದು ನಂಬಿದ್ದೆ. ನಂಬಿದ್ದೆನೋ, ನಿಯಮ ಪಾಲಿಸಿದರೆ ಸಾಕು ಎಂದುಕೊಂಡಿದ್ದೆನೋ, ಈಗ ಹೇಳಲಾರೆ.

ಡಾಕ್ಟರು ಓದಿದ ಕೂಡಲೇ ಫೋನ್ ಎತ್ತಿದರು. ಅಕ್ಕುವಿನ ಅಣ್ಣ ಶೇಖರನಿಗೆ ಉಚ್ಚಿಲದಲ್ಲಿ ಸೋಡಾ ಫ್ಯಾಕ್ಟರಿ ಇತ್ತು. ಅಲ್ಲಿ ಫೋನ್ ಇತ್ತು. ಫೋನಿನ ಸುತ್ತ ಹತ್ತು ಜನ ಇದ್ದರು. ಸಂಜೆಯೊಳಗೆ ಉಚ್ಚಿಲಕ್ಕೆಲ್ಲ ಗೊತ್ತಾಯಿತು.

ಆಮೇಲೆ ನನ್ನನ್ನು ಕರೆದರು.

"ಇಂಥ ಕೇಸು ನನ್ನ ಆಸ್ಪತ್ರೆಗೆ ಹೇಗೆ ಬಂತು?"

"ಬಸುರಿ ಸರ್. ಹೆರಿಗೆ ಆಸ್ಪತ್ರೆಗೆ ಬಂದಳು."

"ಎದುರು ಮಾತಾಡಬೇಡ. ಇನ್ನು ಅವಳು ಈ ಮೆಟ್ಟಿಲು ಹತ್ತಬಾರದು. ಗೊತ್ತಾದರೆ ನಾಳೆ ಇಲ್ಲಿಗೆ ಯಾರು ಬರ್ತಾರೆ?"

ಅವಳು ಕುಳಿತಿದ್ದ ಬೆಂಚನ್ನು ಅಪ್ಪಿಯ ಕೈಯಿಂದ ಹಿತ್ತಲಿಗೆ ಒಯ್ಯಿಸಿ ಸೀಮೆಎಣ್ಣೆ ಹಾಕಿ ಸುಡಿಸಿದರು. ಅಪ್ಪಿ ಬೆಂಚನ್ನು ಬರಿಗೈಯಲ್ಲಿ ಹೊತ್ತಳು. ಅವಳಿಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ಭುಜಂಗ ಆ ರಾತ್ರಿಯೇ ಬೊಂಬಾಯಿ ಬಸ್ಸು ಹತ್ತಿದ. ಅವನ ವಿಷಯ ಮತ್ತೆ ತಿಳಿಯಲಿಲ್ಲ.

ಅಕ್ಕುವಿಗೆ ಹೋಗಲು ಬಸ್ಸು ಇರಲಿಲ್ಲ. ತುಳುವರಲ್ಲಿ ಮನೆ ತಾಯಿಯಿಂದ ಮಗಳಿಗೆ. ಅವಳ ತಾಯಿಯ ಮನೆ ಅದು, ತಾಯಿ ಸತ್ತ ಮೇಲೆ ಅವಳದ್ದೇ. ಆದರೆ ಯಜಮಾನಿಕೆ ಅಣ್ಣನದ್ದು. ಶೇಖರ ಅವಳನ್ನು ತೆಂಗಿನಕಾಯಿ ಹಾಕುವ ಕೊಟ್ಟಿಗೆಗೆ ಹಾಕಿದ. ಹೊರಗಿನಿಂದ ಸರಪಳಿ. ಗೋಡೆಯ ಮೇಲ್ಗಡೆ ಒಂದು ಕೈ ಹಿಡಿಸುವಷ್ಟು ಕಿಂಡಿ. ಅತ್ತಿಗೆ ಬಾಗಿಲು ಅರ್ಧ ತೆಗೆದು ಎಲೆಯಲ್ಲಿ ಗಂಜಿ ತಳ್ಳಿ ಮುಚ್ಚುತ್ತಿದ್ದಳು. ಬಹಿರ್ದೆಸೆಗೆ ಬೆಳಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಆರು ತಿಂಗಳು ದಾಟಿದ ಬಸುರಿ. ಮಗು ಕೆಳಗೆ ಒತ್ತುವಾಗ ತಡೆದುಕೊಳ್ಳಲಾಗುವುದಿಲ್ಲ. ಅವಳು ಮೂಲೆಯಲ್ಲಿ ಕೂರುತ್ತಿದ್ದಳು. ಆಮೇಲೆ ಆ ಜಾಗಕ್ಕೆ ತೆಂಗಿನ ಸಿಪ್ಪೆ ಎಳೆದು ಮುಚ್ಚುತ್ತಿದ್ದಳು.

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದು ಡಿಸೆಂಬರಿನಲ್ಲಿ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಉಚ್ಚಿಲಕ್ಕೆ ಹೋದೆ. ಶೇಖರ ಅಂಗಳದಲ್ಲಿ ತಡೆದ.

"ಡಾಕ್ಟರ್ ಕಳಿಸಿದರಾ?"

"ಇಲ್ಲ. ನಾನೇ ಬಂದೆ. ಬಸುರಿಯ ಹೊಟ್ಟೆ ನೋಡಬೇಕು."

"ನೋಡುವುದಾದರೆ ನೋಡಿ ಬಾಯಮ್ಮ. ನಮಗೆ ಮುಟ್ಟಲಿಕ್ಕೆ ಆಗುವುದಿಲ್ಲ. ನಮಗೂ ಮಕ್ಕಳುಂಟು."

ನಮ್ಮ ಕಡೆ ಕ್ರಿಸ್ತುವ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ. ಅಷ್ಟು ಮರ್ಯಾದೆ ಅವನಲ್ಲಿ ಉಳಿದಿತ್ತು. ತಂಗಿಗೆ ಇರಲಿಲ್ಲ.

ಸರಪಳಿ ತೆಗೆದಾಗ ಅಕ್ಕು ಕಣ್ಣು ಕಿರಿದು ಮಾಡಿ ನೋಡಿದಳು. ಕೂದಲು ಜಡೆಗಟ್ಟಿತ್ತು. ನನ್ನ ಕೈ ಅವಳ ಹೊಟ್ಟೆಯ ಮೇಲೆ ಬಿದ್ದ ಕೂಡಲೇ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮುಟ್ಟಿದಿರಿ" ಎಂದಳು. "ಐದು ವಾರ ಆಯಿತು ಸಿಸ್ಟರ್. ನನ್ನನ್ನು ಯಾರೂ ಮುಟ್ಟಲಿಲ್ಲ."

ನಾನು ರಕ್ತದೊತ್ತಡ ನೋಡಿದೆ. ಕಾಲು ಬಾತಿತ್ತು. ಕಬ್ಬಿಣದ ಮಾತ್ರೆ ಕೊಟ್ಟೆ. ಬಾಚಣಿಗೆ ತೆಗೆದು ತಲೆ ಬಾಚಿದೆ. ಮಗುವಿನ ಎದೆಬಡಿತ ಸರಿಯಾಗಿತ್ತು.

"ಇದಕ್ಕೂ ಉಂಟಾ?" ಅವಳು ಹೊಟ್ಟೆಯ ಕಡೆ ಬೆರಳು ತೋರಿಸಿದಳು.

"ಕೇಳಿಕೊಂಡು ಬರುತ್ತೇನೆ" ಎಂದೆ.

ಕೇಳಲು ಮತ್ತೆ ಮಣಿಪಾಲಕ್ಕೆ ಹೋದೆ. ಅಕ್ಕುವಿನ ರಕ್ತ ತೆಗೆಸಿದ ಹಿರಿಯ ಲೇಡಿ ಡಾಕ್ಟರ್ ಒಬ್ಬರಿದ್ದರು. ಎರಡು ಗಂಟೆ ಹೊರಗೆ ಕಾದೆ. ಕರೆದಾಗ ಕುರ್ಚಿ ತೋರಿಸಿದರು. ನರ್ಸಿಗೆ ಕುರ್ಚಿ ತೋರಿಸುವ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಮದ್ದು ಇಲ್ಲ" ಎಂದರು. "ಮೊದಲು ಅದನ್ನು ತಿಳಿದುಕೊಳ್ಳಿ. ಎಲ್ಲ ಮಕ್ಕಳಿಗೂ ಬರುವುದಿಲ್ಲ. ನೂರರಲ್ಲಿ ಮೂವತ್ತು ಅಂತ ಕೆಲವರು, ಐವತ್ತು ಅಂತ ಕೆಲವರು ಬರೆಯುತ್ತಾರೆ. ಉಳಿದ ಮಕ್ಕಳು ಪಾರಾಗುತ್ತಾರೆ. ಯಾಕೆ ಪಾರಾಗುತ್ತಾರೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ."

"ಹೆರಿಗೆಯಲ್ಲಿ ನಾನು ಎಂತ ಮಾಡಬಹುದು ಮೇಡಂ?"

ಅವರು ಕಾಗದ ಎಳೆದುಕೊಂಡು ಬರೆಯುತ್ತ ಹೇಳಿದರು. "ನೀರಿನ ಚೀಲ ನೀವಾಗಿ ಒಡೆಯಬೇಡಿ. ಕತ್ತರಿ ಹಾಕಬೇಡಿ. ಇಕ್ಕುಳ ಬೇಡ. ಅವಸರ ಮಾಡಬೇಡಿ. ತಾಯಿಯ ರಕ್ತ ಮಗುವಿಗೆ ಎಷ್ಟು ಕಡಿಮೆ ತಾಗುತ್ತದೋ ಅಷ್ಟು ಒಳ್ಳೆಯದು. ಹುಟ್ಟಿದ ಕೂಡಲೇ ಸೋಪು ಹಾಕಿ ತೊಳೆಯಿರಿ. ತೊಳೆಯದೆ ಸೂಜಿ ಚುಚ್ಚಬೇಡಿ. ಇದು ನನ್ನ ಅಂದಾಜು. ಪುಸ್ತಕದಲ್ಲಿ ಇಲ್ಲ. ನಿಮ್ಮ ಕೈಗೆ ಗ್ಲೌಸು ಹಾಕಿ. ಅದು ಮಾತ್ರ ಅಂದಾಜಲ್ಲ."

"ಎದೆಹಾಲು?"

ಅವರು ಪೆನ್ನು ಇಟ್ಟರು. "ಹಾಲಿನಲ್ಲಿ ಬರಬಹುದು. ಶುದ್ಧವಾಗಿ ಬೇರೆ ಹಾಲು ಕುದಿಸಿ ಕೊಡಲು ಆದರೆ ಎದೆಹಾಲು ಬೇಡ. ಆಗದಿದ್ದರೆ ಎದೆಹಾಲೇ ಕೊಡಲಿ. ಯಾಕೆಂದರೆ ಕೊಳಕು ಬಾಟಲಿಯ ಭೇದಿ ಮಗುವನ್ನು ತಿಂಗಳಲ್ಲಿ ಕೊಲ್ಲುತ್ತದೆ. ಯಾವುದು ಅಂತ ತಾಯಿ ಹೇಳಲಿ. ನೀವೂ ಹೇಳಬೇಡಿ, ನಾನೂ ಹೇಳುವುದಿಲ್ಲ."

ನಾನು ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಮಗುವಿನ ರಕ್ತವನ್ನು ಹುಟ್ಟಿದ ಕೂಡಲೇ ನೋಡಿ ಪ್ರಯೋಜನವಿಲ್ಲ. ತಾಯಿಯಿಂದ ಬಂದ ಅಂಶವೇ ಕಾಣುತ್ತದೆ. ಒಂದೂವರೆ ವರ್ಷ ಆದ ಮೇಲೆ ತನ್ನಿ."

ಆ ಕಾಗದವನ್ನು ಮುಂದಿನ ಭಾನುವಾರ ಕೊಟ್ಟಿಗೆಯಲ್ಲಿ ಕುಳಿತು ಅಕ್ಕುವಿಗೆ ಓದಿ ಹೇಳಿದೆ. ಒಂದೊಂದು ಸಾಲೂ. ಅವಳು ಎರಡು ಸಲ ಕೇಳಿದಳು. ಪಾಠ ಒಪ್ಪಿಸುವ ಹಾಗೆ ತಿರುಗಿ ಹೇಳಿದಳು. ಹಾಲಿನ ಮಾತು ಬಂದಾಗ ಎದೆಗೆ ಸೆರಗು ಎಳೆದುಕೊಂಡಳು.

"ನೋವು ಶುರುವಾದರೆ ಬಾ" ಎಂದೆ. "ನಾನು ಇರುತ್ತೇನೆ."

"ಎಲ್ಲಿಗೆ ಬರುವುದು? ಹೇಗೆ ಬರುವುದು?"

"ಆಸ್ಪತ್ರೆಗೆ ಬಾ" ಎಂದೆ. ಅವಳು ಸರಪಳಿಯ ಕಡೆ ನೋಡಿದಳು. ನಾನೂ ನೋಡಿದೆ. ಮಾತು ಕೊಟ್ಟು ಹೊರಗೆ ಬಂದೆ. ಶೇಖರ ನನ್ನ ಬೆನ್ನ ಹಿಂದೆಯೇ ಸರಪಳಿ ಸಿಕ್ಕಿಸಿದ.

ಜನವರಿ ಇಪ್ಪತ್ತೆಂಟು, ಗುರುವಾರ. ಬೆಳಗ್ಗೆ ಹನ್ನೊಂದು ಗಂಟೆ. ಉಡುಪಿಗೆ ಹೋಗುವ ಸರ್ವಿಸ್ ಬಸ್ಸು ಆಸ್ಪತ್ರೆಯೆದುರು ನಿಂತಿತು. ಅಕ್ಕು ಇಳಿದಳು. ಒಬ್ಬಳೇ. ಒಂದು ಕೈ ಸೊಂಟಕ್ಕೆ, ಒಂದು ಕೈ ಬಸ್ಸಿನ ಕಂಬಿಗೆ. ಹೆದ್ದಾರಿ ದಾಟುವಾಗ ನಡುವೆ ನೋವು ಬಂತು. ಅಲ್ಲೇ ಬಗ್ಗಿ ನಿಂತಳು. ಲಾರಿಯವನು ಹಾರ್ನ್ ಹಾಕಿದ. ನಾನು ಓಡಿ ಹೋಗಿ ತಬ್ಬಿ ಹಿಡಿದು ಕರೆತಂದೆ.

"ಅತ್ತಿಗೆ ಸರಪಳಿ ತೆಗೆದರು" ಎಂದಳು ಏದುಸಿರಲ್ಲಿ. "ಹಾಕಲಿಕ್ಕೆ ಮರೆತೆ ಅಂತ ಹೇಳ್ತೇನೆ, ನೀನು ಹೋಗು ಅಂದರು. ಮುಖ ಆಚೆ ಮಾಡಿ ನಿಂತರು."

ಹೆರಿಗೆ ಕೋಣೆಯ ಮೇಜಿನ ಮೇಲೆ ಮಲಗಿಸಿ ನೋಡಿದೆ. ಗರ್ಭದ ಬಾಯಿ ನಾಲ್ಕು ಬೆರಳು ತೆರೆದಿತ್ತು. ನೀರಿನ ಚೀಲ ಇನ್ನೂ ಒಡೆದಿರಲಿಲ್ಲ. ತಲೆ ಕೆಳಗೆ ಇಳಿದಿತ್ತು. ಎಲ್ಲ ಸರಿಯಾಗಿತ್ತು. ಒಂದೂವರೆ, ಎರಡು ಗಂಟೆ ಸಾಕು.

ಡಾಕ್ಟರು ಬಂದರು. ಬಾಗಿಲಿನಿಂದ ಒಳಗೆ ಕಾಲಿಡಲಿಲ್ಲ.

"ಇಳಿಸು. ಮಂಗಳೂರಿಗೆ ಕಳಿಸು."

"ನಾಲ್ಕು ಬೆರಳು ಆಗಿದೆ ಸರ್. ದಾರಿಯಲ್ಲಿ ಹೆರುತ್ತಾಳೆ."

"ಹೆರಲಿ. ನನ್ನ ಮೇಜಿನ ಮೇಲೆ ಬೇಡ."

"ಯಾವ ಕಾರಿನವರು ಕರೆದುಕೊಂಡು ಹೋಗುತ್ತಾರೆ?"

"ಅದು ನನ್ನ ಕೆಲಸ ಅಲ್ಲ." ಅವರ ದನಿ ಇಳಿಯಿತು. "ಝೀಟಾ, ನಿನ್ನ ಸರ್ಟಿಫಿಕೇಟು ಎಲ್ಲಿ ಉಂಟು ಅಂತ ಗೊತ್ತುಂಟಲ್ಲ? ನಾಳೆ ನೀನು ಎಲ್ಲಿಗೆ ಹೋಗಿ ಎಂತ ತೋರಿಸುತ್ತೀ? ಅವಳನ್ನು ಇಳಿಸು."

ಮೇಜಿನ ಮೇಲೆ ಅಕ್ಕು ಹಲ್ಲು ಕಚ್ಚಿದ್ದಳು. ಕೂಗಿದರೆ ಕಳಿಸಿಬಿಡುತ್ತಾರೆ ಎಂಬ ಭಯಕ್ಕೆ ನೋವನ್ನು ನುಂಗುತ್ತಿದ್ದಳು. ಅವಳ ಕೈ ನನ್ನ ಸೆರಗಿನ ತುದಿಯನ್ನು ಹಿಡಿದಿತ್ತು. ನನಗೆ ಹೆದರಿಕೆಯಾಯಿತು. ಸುಳ್ಳು ಹೇಳುವುದಿಲ್ಲ. ರೋಗಕ್ಕೆ ಹೆದರಿದೆ, ಡಾಕ್ಟರಿಗೆ ಹೆದರಿದೆ, ಮನೆಯಲ್ಲಿ ತಂಗಿ ಲೊರ್ನಾಳ ಮದುವೆ ಗೊತ್ತಾಗಿತ್ತು, ಅದಕ್ಕೆ ಹೆದರಿದೆ. ಎಂಟು ವರ್ಷದಲ್ಲಿ ಅವರ ಒಂದು ಮಾತನ್ನೂ ಮೀರಿರಲಿಲ್ಲ.

"ಇಳಿಸುವುದಿಲ್ಲ" ಎಂದೆ.

"ಎಂತ?"

"ಇಳಿಸುವುದಿಲ್ಲ ಸರ್."

ಬಾಗಿಲು ಹಾಕಿದೆ. ಒಳಗಿನಿಂದ ಚಿಲಕ ಹಾಕಿದೆ. ಮೇಲಿನದ್ದು, ಕೆಳಗಿನದ್ದು, ಎರಡೂ.

ತಿರುಗಿದರೆ ಮೂಲೆಯಲ್ಲಿ ಬಕೆಟು ಹಿಡಿದು ಅಪ್ಪಿ ನಿಂತಿದ್ದಳು. ಅವಳು ಒಳಗಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಅವಳು ಯಾವಾಗಲೂ ಅಲ್ಲೇ ಇರುತ್ತಿದ್ದಳು. ನಾವು ನೋಡುತ್ತಿರಲಿಲ್ಲ.

"ನೀನು ಹೋಗುವುದಾದರೆ ಹಿಂದಿನ ಬಾಗಿಲು ಉಂಟು ಅಪ್ಪಿ. ಇದು ನಿನ್ನ ಕೆಲಸಕ್ಕೆ ಕುತ್ತು."

ಅಪ್ಪಿ ಹಿಂದಿನ ಬಾಗಿಲಿಗೂ ಚಿಲಕ ಹಾಕಿದಳು.

"ಮುಟ್ಟಬಾರದು ಅಂತ ಹೇಳುವುದು ನಮಗೆ ಹೊಸತಾ ಬಾಯಮ್ಮ?" ಎಂದಳು. "ನಮಗೆ ಹುಟ್ಟುವಾಗಲೇ ಹೇಳಿದ್ದಾರೆ. ನೀರು ಕಾಯಿಸ್ತೇನೆ."

ಡಬ್ಬಿಯಲ್ಲಿ ಹರಿಯದ ಗ್ಲೌಸು ಎರಡೇ ಜೊತೆ ಇದ್ದವು. ಒಂದರ ಮೇಲೊಂದು ಎರಡನ್ನೂ ನಾನೇ ಹಾಕಿಕೊಳ್ಳಬೇಕೆಂದು ಮೊದಲೇ ಯೋಚಿಸಿದ್ದೆ. ಒಂದು ಜೊತೆಯನ್ನು ಅಪ್ಪಿಗೆ ಕೊಟ್ಟೆ. ಅವಳಿಗೆ ಹಾಕಿಕೊಳ್ಳಲು ಬರಲಿಲ್ಲ. ಗ್ಲೌಸು ಸಾವಿರ ಸಲ ತೊಳೆದ ಕೈ. ಬೆರಳು ಬೆರಳಿಗೆ ಸಿಗಲಿಲ್ಲ. ನಾನೇ ಹಾಕಿಸಿದೆ. ಅವಳು ಎರಡೂ ಕೈಯನ್ನು ಎದುರಿಗೆ ಹಿಡಿದು ನೋಡಿದಳು. ನನಗೆ ನಾಚಿಕೆಯಾಯಿತು.

ಹೊರಗೆ ಬಾಗಿಲು ಬಡಿದರು. ಮೊದಲು ಅಂಗೈಯಲ್ಲಿ. ಆಮೇಲೆ ಮುಷ್ಟಿಯಲ್ಲಿ. ಆಮೇಲೆ ಕಾಲಲ್ಲಿ. ಶೇಖರನೂ ಬಂದಿದ್ದ, ಅವನ ದನಿ ಕೇಳಿತು. "ಪೊಲೀಸರನ್ನು ಕರೀತೇನೆ" ಎಂದು ಡಾಕ್ಟರು ಕೂಗಿದರು. ಬಾಗಿಲು ಹಳೆಯ ಹಲಸಿನ ಹಲಗೆಯದ್ದು. ಅಲುಗಿತು, ಮುರಿಯಲಿಲ್ಲ.

"ಈಗ ಕೂಗು" ಎಂದೆ ಅಕ್ಕುವಿಗೆ. "ಚಿಲಕ ಹಾಕಿಯಾಗಿದೆ. ಯಾರೂ ಕಳಿಸುವುದಿಲ್ಲ. ಕೂಗು."

ಅವಳು ಕೂಗಿದಳು. ಮೂರು ತಿಂಗಳು ಕೊಟ್ಟಿಗೆಯಲ್ಲಿ ಕೂಗದೆ ಇಟ್ಟದ್ದೆಲ್ಲ ಹೊರಗೆ ಬಂತು. ಅಣ್ಣನ ಹೆಸರು ಹಿಡಿದು ಕೂಗಿದಳು. ಗಂಡನ ಹೆಸರು ಹಿಡಿದು ಕೂಗಿದಳು. ಸತ್ತ ತಾಯಿಯನ್ನು ಕರೆದಳು. ಹೊರಗಿನ ಬಡಿತ ಸ್ವಲ್ಪ ಹೊತ್ತು ನಿಂತಿತು.

ನಾನು ಅವಸರ ಮಾಡಲಿಲ್ಲ. ಚೀಲ ಒಡೆಯಲಿಲ್ಲ. ಅದು ತಾನಾಗಿ ಒಡೆಯಿತು, ತಲೆ ಕಂಡ ಮೇಲೆ. ಕತ್ತರಿ ಮುಟ್ಟಲಿಲ್ಲ. "ತಿಣುಕಬೇಡ, ಬಾಯಲ್ಲಿ ಉಸಿರು ಬಿಡು" ಎಂದೆ. ಅಂಗೈಯಲ್ಲಿ ತಲೆಯನ್ನು ತಡೆದು ತಡೆದು ಹಿಡಿದೆ. ನನ್ನ ಸೊಂಟ ಸೆಟೆದುಕೊಂಡಿತು. ಬೆವರು ಕಣ್ಣಿಗೆ ಇಳಿಯಿತು, ಒರೆಸಲು ಕೈ ಇರಲಿಲ್ಲ. ಅಪ್ಪಿ ತನ್ನ ಸೆರಗಿನಿಂದ ಒರೆಸಿದಳು. ಬೆರಳಗಲ ಬೆರಳಗಲ ಬಂತು ಮಗು. ಅಕ್ಕುವಿಗೆ ಎಲ್ಲೂ ಹರಿಯಲಿಲ್ಲ.

ಹೊಕ್ಕುಳಬಳ್ಳಿಗೆ ಎರಡು ಕಡೆ ಕಟ್ಟಿ, ಮೇಲೆ ಬಟ್ಟೆ ಮುಚ್ಚಿ ಕತ್ತರಿಸಿದೆ. ರಕ್ತ ಚಿಮ್ಮಲಿಲ್ಲ. ಅಪ್ಪಿ ಕಾದ ನೀರು ಹದ ಮಾಡಿ ಇಟ್ಟಿದ್ದಳು. ಸೋಪು ಹಚ್ಚಿ ಮಗುವನ್ನು ತೊಳೆದೆವು. ಕಿವಿಯ ಹಿಂದೆ, ಕತ್ತಿನ ಮಡಿಕೆ, ತೊಡೆಯ ಸಂದು. ತಾಯಿಯ ರಕ್ತದ ಒಂದು ಕಲೆ ಉಳಿಯಬಾರದು. ಮಗು ರಚ್ಚೆ ಹಿಡಿದು ಅತ್ತಿತು. ಹೆಣ್ಣು.

ಮಗುವನ್ನು ಅಕ್ಕುವಿನ ಎದೆಯ ಮೇಲೆ ಮಲಗಿಸಿದೆ. ಮಗು ಬಾಯಿ ತೆರೆದು ಹುಡುಕಿತು. ಅಕ್ಕು ನನ್ನತ್ತ ನೋಡಿದಳು.

"ನಾನು ಹೇಳುವುದಿಲ್ಲ" ಎಂದೆ. "ನೀನು ಹೇಳು."

ಅವಳು ಮಗುವಿನ ಕೆನ್ನೆಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡಳು. "ನನ್ನ ಹಾಲು ಬೇಡ" ಎಂದಳು. "ಬೇರೆ ಹಾಲು ಕುದಿಸ್ತೇನೆ. ದಿನಕ್ಕೆ ಹತ್ತು ಸಲ ಬೇಕಾದರೂ ಕುದಿಸ್ತೇನೆ."

ಚಿಲಕ ತೆಗೆದಾಗ ಎರಡೂವರೆ ಗಂಟೆ. ಪೊಲೀಸರು ಬಂದಿರಲಿಲ್ಲ. ಸುದ್ದಿ ಹರಡೀತು ಎಂದು ಡಾಕ್ಟರು ಕರೆಸಿರಲಿಲ್ಲ. ಶೇಖರ ಹೊರಟುಹೋಗಿದ್ದ. ಇನ್ನು ಅವಳು ಮನೆಗೆ ಬರಬಾರದು ಎಂದು ಹೇಳಿ ಹೋಗಿದ್ದ. ಡಾಕ್ಟರು ದೂರದಿಂದಲೇ ಹೇಳಿದರು. "ಕೋಣೆಯನ್ನು ಬ್ಲೀಚಿಂಗ್ ಹಾಕಿ ತೊಳೆದು, ಹಾಸಿಗೆ ಸುಟ್ಟು, ಮೂವರೂ ಹೊರಡಿ."

ತೊಳೆದೆವು. ಗೋಡೆಯನ್ನೂ ತೊಳೆದೆವು. ಸರ್ಟಿಫಿಕೇಟು ಕೇಳಿದೆ. "ಯಾವ ಸರ್ಟಿಫಿಕೇಟು?" ಎಂದರು.

ಅಕ್ಕುವನ್ನು ಅಪ್ಪಿ ತನ್ನ ಮನೆಗೆ ಕರೆದೊಯ್ದಳು. ನಂದಿಕೂರಿನ ಆಚೆ ಗುಡ್ಡದ ಮೇಲೆ ನಾಲ್ಕು ಗುಡಿಸಲು. ನೀರಿಗೆ ಅರ್ಧ ಮೈಲಿ ಇಳಿಯಬೇಕು. ಅಕ್ಕು ಮೊದಲ ವಾರ ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಳು. ಎದೆ ಕಲ್ಲಾಗಿ ಜ್ವರ ಬಂತು. ಮಗು ಅತ್ತಾಗಲೆಲ್ಲ ಹಾಲು ಇಳಿದು ಬಟ್ಟೆ ಒದ್ದೆಯಾಗುತ್ತಿತ್ತು. ಅವಳು ಆ ಒದ್ದೆ ಬಟ್ಟೆಯಲ್ಲೇ ಒಲೆ ಊದುತ್ತ, ದನದ ಹಾಲಿಗೆ ನೀರು ಬೆರೆಸಿ ಕುದಿಸುತ್ತಿದ್ದಳು. ಚಮಚ ಕುದಿಸುತ್ತಿದ್ದಳು. ಬಟ್ಟಲು ಕುದಿಸುತ್ತಿದ್ದಳು. ಹೊಗೆಗೆ ಕಣ್ಣು ಕೆಂಪಾಗಿರುತ್ತಿತ್ತು. ಅದು ಹೊಗೆಗೆ ಮಾತ್ರ ಅಲ್ಲ ಎಂದು ಅಪ್ಪಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಲ್ಲಿಗೆ ಕಟ್ಟುವ ಕೆಲಸ ಕೇಳಲು ಶಂಕರಪುರಕ್ಕೆ ಹೋದಳು. "ನೀನು ಮುಟ್ಟಿದ ಹೂ ದೇವರಿಗೆ ಆಗುವುದಿಲ್ಲ" ಎಂದರು. ಬೀಡಿ ಸುತ್ತುವಲ್ಲಿ ಕೇಳಿದಳು. "ಬೀಡಿ ಬಾಯಿಗೆ ಇಡುವುದು" ಎಂದರು. ಕೊನೆಗೆ ಕಾರ್ಕಳದ ದಾರಿಯ ಕ್ವಾರಿಯಲ್ಲಿ ಜಲ್ಲಿ ಒಡೆಯುವ ಕೆಲಸ ಸಿಕ್ಕಿತು. ಜಲ್ಲಿಗೆ ಮೈಲಿಗೆ ಇಲ್ಲ.

ನನ್ನ ಮನೆಯಲ್ಲಿ ಲೊರ್ನಾಳ ಸಂಬಂಧ ಮುರಿಯಿತು. ಹುಡುಗನ ಕಡೆಯವರು ಕಾರಣ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಬಹರೈನಿನಿಂದ ಅಣ್ಣ ಸ್ಟ್ಯಾನಿಸ್ಲಾಸ್ ಬರೆದ, "ಒಬ್ಬಳಿಗಾಗಿ ನಮ್ಮೆಲ್ಲರನ್ನೂ ಬಲಿ ಕೊಟ್ಟೆ." ಲೊರ್ನಾ ನನ್ನ ಜೊತೆ ಮಾತು ಬಿಟ್ಟಳು. ಒಂದು ಬೆಳಗ್ಗೆ ಮಾಯ್ ನನ್ನ ತಟ್ಟೆಯನ್ನು ಬೇರೆ ಕಡೆ ಇಟ್ಟಳು. ನನ್ನ ತಾಯಿ. ಅಡುಗೆಮನೆಯ ಹೊರಗೆ, ನಾಯಿಯ ತಟ್ಟೆಯ ಪಕ್ಕ.

"ಮಾಯ್, ನನಗೆ ಏನೂ ಇಲ್ಲ" ಎಂದೆ.

"ಗೊತ್ತುಂಟು" ಎಂದಳು. "ಆದರೂ ಇರಲಿ."

ಆ ತಟ್ಟೆ ಎತ್ತಿಕೊಂಡು ನಾನೂ ಗುಡ್ಡ ಹತ್ತಿದೆ.

ಕಾಗದವಿಲ್ಲದ ನರ್ಸಿಗೆ ಯಾವ ಆಸ್ಪತ್ರೆಯೂ ಕೆಲಸ ಕೊಡಲಿಲ್ಲ. ಉಡುಪಿಯಲ್ಲಿ ಕೇಳಿದೆ, ಕಾರ್ಕಳದಲ್ಲಿ ಕೇಳಿದೆ. ಡಾಕ್ಟರು ಫೋನ್ ಮಾಡಿಟ್ಟಿದ್ದರು. ಗುಡಿಸಲುಗಳಲ್ಲಿ ಹೆರಿಗೆ ಮಾಡಿಸಿದೆ. ಕೊಟ್ಟರೆ ಅಕ್ಕಿ ತೆಗೆದುಕೊಂಡೆ. ಉಳಿದ ದಿನ ಅಕ್ಕುವಿನ ಪಕ್ಕ ಕುಳಿತು ಜಲ್ಲಿ ಒಡೆದೆ. ಹೆರಿಗೆಯ ಕೈ. ಸುತ್ತಿಗೆ ಹಿಡಿದು ಅಂಗೈ ಒಡೆಯಿತು.

ಮಗುವಿಗೆ ಸಿಸಿಲಿಯಾ ಎಂದು ಹೆಸರಿಡು ಎಂದೆ ನಾನು. ಬಾಬಿ ಎಂದಿಡು ಎಂದಳು ಅಪ್ಪಿ. ಅಕ್ಕು ಇಬ್ಬರ ಮಾತೂ ಕೇಳಲಿಲ್ಲ. ಗಿರಿಜಾ ಎಂದಿಟ್ಟಳು. ಗಿರಿಜಾ ಎರಡು ಸಲ ಭೇದಿಯಾಗಿ ಬತ್ತಿದಳು. ಎರಡು ಸಲವೂ ಉಪ್ಪು ಸಕ್ಕರೆಯ ನೀರು ಕೊಡುತ್ತ ಅಕ್ಕು ಕಣ್ಣು ಮುಚ್ಚಲಿಲ್ಲ. ಎದೆಹಾಲು ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದು ಒಮ್ಮೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮಗು ಬದುಕಿತು. ನಡೆಯಿತು.

ಈ ಜುಲೈಯಲ್ಲಿ ಒಂದೂವರೆ ವರ್ಷ ತುಂಬಿತು. ಮಣಿಪಾಲಕ್ಕೆ ಒಯ್ದೆವು. ಅದೇ ಡಾಕ್ಟರ್ ರಕ್ತ ತೆಗೆದರು. ಮೂರು ವಾರ. ಈ ಸಲ ಲಕೋಟೆಯನ್ನು ನಾನು ತೆರೆಯಲಿಲ್ಲ. ಅಕ್ಕುವಿನ ಕೈಗೆ ಕೊಟ್ಟೆ. ಅವಳೇ ಹರಿದು ತೆಗೆದು, ನನ್ನೆದುರು ಬಿಡಿಸಿ ಹಿಡಿದಳು.

"ಇಲ್ಲ" ಎಂದೆ. "ಗಿರಿಜಾಳಿಗೆ ಇಲ್ಲ."

ಅಕ್ಕು ಅಳಲಿಲ್ಲ. ಕ್ವಾರಿಗೆ ಹೊತ್ತಾಯಿತು ಎಂದು ಎದ್ದಳು. ನಾಲ್ಕು ಹೆಜ್ಜೆ ಹೋಗಿ ಅಲ್ಲೇ ಮಣ್ಣಿನ ಮೇಲೆ ಕುಳಿತಳು.

ಸುದ್ದಿ ಹೇಗೆ ಉಚ್ಚಿಲಕ್ಕೆ ಮುಟ್ಟಿತೋ ತಿಳಿಯದು. ಹತ್ತನೆಯ ದಿನ, ಬೆಳಗ್ಗೆ, ಶೇಖರ ಗುಡ್ಡ ಹತ್ತಿ ಬಂದ. ಹೊಸ ಅಂಗಿ. ಕೈಯಲ್ಲಿ ಮಗುವಿನ ಫ್ರಾಕಿನ ಪೊಟ್ಟಣ. ಅಪ್ಪಿಯ ಗುಡಿಸಲಿನ ಅಂಗಳದ ಹೊರಗೇ ನಿಂತ. ಗಿರಿಜಾ ಬಾಗಿಲಲ್ಲಿ ಮಣ್ಣಾಡುತ್ತಿದ್ದಳು.

"ಅಕ್ಕು" ಎಂದ. "ಮಗು ಶುದ್ಧ ಉಂಟಂತೆ. ನನ್ನ ಮಕ್ಕಳು ಅವರ ತಾಯಿಯ ಕುಟುಂಬದವರು. ನಮ್ಮ ಕುಟುಂಬಕ್ಕೆ ಹೆಣ್ಣು ಸಂತಾನ ಅಂತ ಇರುವುದು ಇದೊಂದೇ. ನಾಳೆ ದೀಪ ಇಡಲಿಕ್ಕಾದರೂ ಹೆಣ್ಣು ಬೇಕಲ್ವಾ? ನಾನು ಸಾಕ್ತೇನೆ. ಇಂಗ್ಲಿಷ್ ಶಾಲೆಗೆ ಹಾಕ್ತೇನೆ. ಕೊಡು."

"ನಾನು?"

ಶೇಖರ ನೆಲ ನೋಡಿದ. "ನಿನಗೆ ಇಲ್ಲಿ ಅಭ್ಯಾಸ ಆಗಿದೆ ಅಲ್ವಾ."

ಅಪ್ಪಿ ಒಳಗಿನಿಂದ ಕತ್ತಿ ಹಿಡಿದು ಬಂದಳು. ಸೌದೆ ಕಡಿಯುವ ಕತ್ತಿ. ಅಕ್ಕು ಅವಳ ಕೈ ಹಿಡಿದು ತಡೆದಳು. ಒಳಗೆ ಹೋದಳು. ಹಿತ್ತಾಳೆಯ ಲೋಟದಲ್ಲಿ ನೀರು ತಂದಳು. ಕಲ್ಲು ಒಡೆದು ಸೀಳಿದ್ದ ಬೆರಳುಗಳಲ್ಲಿ ಲೋಟ ಹಿಡಿದು ಅಣ್ಣನೆದುರು ಚಾಚಿದಳು.

"ಬಿಸಿಲಲ್ಲಿ ಬಂದಿದ್ದೀ. ಒಳಗೆ ಬಾ ಅಣ್ಣ. ಅಪ್ಪಿಯ ಮನೆಯೊಳಗೆ ಕೂರು. ನನ್ನ ಕೈಯಿಂದ ಈ ನೀರು ಕುಡಿ. ಆಮೇಲೆ ಮಗುವಿನ ಮಾತು ಆಡುವ."

ಶೇಖರ ಲೋಟ ನೋಡಿದ. ಬಾಗಿಲು ನೋಡಿದ. ಅಪ್ಪಿಯನ್ನು ನೋಡಿದ. ಕೈ ಅರ್ಧ ಎದ್ದಿತು. ಅವನು ಕುಡಿದುಬಿಟ್ಟರೆ ಎಂತ ಮಾಡುವುದು ಎಂದು ನನಗೆ ಭಯವಾಯಿತು.

ಕೈ ಕೆಳಗೆ ಇಳಿಯಿತು.

"ಬಾಯಾರಿಕೆ ಇಲ್ಲ" ಎಂದ.

"ಹಾಗಾದರೆ ಹೋಗು" ಎಂದಳು ಅಕ್ಕು.

ಅವನು ಪೊಟ್ಟಣವನ್ನು ಕಲ್ಲಿನ ಮೇಲಿಟ್ಟ. ಮತ್ತೆ ಅದನ್ನೇ ಎತ್ತಿಕೊಂಡ. ಗುಡ್ಡ ಇಳಿದ. ಪುನಃ ಬರುತ್ತಾನೆ. ಪಂಚಾಯತಿಯವರನ್ನು ಕರೆತರುತ್ತಾನೆ, ವಕೀಲರನ್ನು ಕರೆತರುತ್ತಾನೆ. ನಮ್ಮ ಮೂವರಿಗೂ ಅದು ಗೊತ್ತು. ಈ ಗುಡ್ಡ ಬಿಟ್ಟು ಹೋಗಲು ನಮಗೆ ಬೇರೆ ಜಾಗ ಇಲ್ಲ.

ಅಕ್ಕು ಚಾಚಿದ ಲೋಟವನ್ನು ತನ್ನ ಬಾಯಿಗೆ ಇಟ್ಟಳು. ಅರ್ಧ ಕುಡಿದಳು. ಉಳಿದದ್ದನ್ನು ಬಗ್ಗಿ ಮಗಳ ಬಾಯಿಗೆ ಹಿಡಿದಳು. ಗಿರಿಜಾ ಎರಡೂ ಕೈಯಲ್ಲಿ ಲೋಟ ಹಿಡಿದು, ಗಟಗಟ ಪೂರ್ತಿ ಕುಡಿದಳು.